ಅಪ್ಪನ ಕತ್ತರಿ, ಅಕ್ಕನ ಮರ

ನಾನು ಚಿಕ್ಕವನಿದ್ದಾಗ ಅಬ್ಬಿಗೆರೆಯಲ್ಲಿ ನಮಗೊಂದು ದ್ರಾಕ್ಷಿ ತೋಟವಿತ್ತು. ನೀವೀಗ ಲಿಫ್ಟಿನಲ್ಲಿ ಇಳಿದು ಸ್ಕೂಲ್ ವ್ಯಾನಿಗೆ ಕಾಯುತ್ತೀರಲ್ಲ, ಸರಿಯಾಗಿ ಅಲ್ಲೇ ಕಲ್ಲುಕಂಬದ ಚಪ್ಪರ, ಚಪ್ಪರದ ತುಂಬ ಕಪ್ಪು ದ್ರಾಕ್ಷಿ. ಹಣ್ಣಾಗುವ ಕಾಲಕ್ಕೆ ಮನೆಯೊಳಗೆಲ್ಲ ಅದರದೇ ಹುಳಿಸಿಹಿ ವಾಸನೆ. ಸುಳ್ಳು ಅಂತೀರಾ? ಬಿಡಿ, ಒಮ್ಮೊಮ್ಮೆ ನನಗೇ ನಂಬಿಕೆ ಬರುವುದಿಲ್ಲ.

ತೋಟದ ಬಾವಿಯ ಪಕ್ಕ ಅಕ್ಕ ಬೆಳೆಸಿದ ಒಂದು ಗುಲ್‌ಮೊಹರ್ ಮರವಿತ್ತು. ಅದರ ಕಾಯಿ ಕತ್ತಿಯ ಹಾಗೆ ಉದ್ದ, ಹಾಗಾಗಿ ನಾವದನ್ನು ಕತ್ತಿಕಾಯಿ ಮರ ಎನ್ನುತ್ತಿದ್ದೆವು. ಅಕ್ಕನ ಸ್ಕೂಲಿನ ಅಂಗಳದಲ್ಲಿ ಅಂಥದೊಂದು ದೊಡ್ಡ ಮರವಿತ್ತು. ದೊಡ್ಡವಳಾದಳು, ಇನ್ನು ಸಾಕು ಎಂದು ಅಪ್ಪ ಅವಳ ಸ್ಕೂಲು ಬಿಡಿಸಿದ. ಅತ್ತರೂ ಕೇಳಲಿಲ್ಲ. ಕೊನೆಯ ದಿನ ಅಕ್ಕ ಆ ಮರದಡಿಯಿಂದ ಒಂದು ಒಣಕಾಯಿ ತಂದು, ಬೀಜ ಬಿಡಿಸಿ ಬಾವಿಯ ಬಳಿ ಹಾಕಿದಳು. ಗಿಡ ಎದ್ದಿತು. ಮೇಕೆ ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಿದಳು. ಮುಖ ತೊಳೆದ ನೀರು, ಪಾತ್ರೆ ತೊಳೆದ ನೀರು, ಎಲ್ಲವೂ ಅದಕ್ಕೇ.

“ನಮ್ ಮರ ಊವು ಬಿಡ್ಲಿ ಕಣೋ, ನಿನ್ ಜೊತೆ ಹುಂಜದ ಜಗಳ ಆಡ್ತೀನಿ,” ಎಂದು ನನಗೆ ಆಸೆ ಹುಟ್ಟಿಸಿದ್ದಳು. ನಿಮಗೆ ಆ ಆಟ ಗೊತ್ತಿಲ್ಲ ಅಲ್ಲವೇ? ಮೊಗ್ಗು ಬಿಡಿಸಿದರೆ ಒಳಗೆ ಎಳೆಎಳೆಯಾಗಿ ಕೇಸರಗಳು. ಒಂದರ ತಲೆಗೆ ಇನ್ನೊಂದರ ತಲೆ ಸಿಕ್ಕಿಸಿ ಎಳೆಯಬೇಕು. ಯಾರ ಹುಂಜದ ತಲೆ ಕಳಚಿತೋ ಅವರು ಸೋತ ಹಾಗೆ.

ಮರ ಮನೆಗಿಂತ ಎತ್ತರ ಬೆಳೆಯಿತು. ಹೂವು ಮಾತ್ರ ಇಲ್ಲ. ಅಕ್ಕ ಬೇಸಿಗೆಯಿಡೀ ಕತ್ತೆತ್ತಿ ನೋಡಿದ್ದೇ ಬಂತು.

ಅಪ್ಪನಿಗೂ ಅವಳ ಮುಖ ನೋಡಲಾಗುತ್ತಿರಲಿಲ್ಲ. ದ್ರಾಕ್ಷಿ ಬಳ್ಳಿಯನ್ನು ಬೇಸಿಗೆ ಕಾಲಿಡುವಾಗ ಮುಲಾಜಿಲ್ಲದೆ ಸವರಬೇಕು. ಆಗಲೇ ಹೊಸ ಚಿಗುರು, ಚಿಗುರಿನ ಜೊತೆ ಹೂವು. ಆ ಕೆಲಸದಲ್ಲಿ ಅಪ್ಪನದು ಎತ್ತಿದ ಕೈ. ಅದೇ ಹೊತ್ತಿಗೆ ಗುಲ್‌ಮೊಹರ್ ಕೂಡ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತಿತ್ತು. ಬಳ್ಳಿ ಸವರಿ ಮುಗಿಸಿದ ಅಪ್ಪ ಅದೇ ಕತ್ತರಿ ಹಿಡಿದು ಏಣಿ ಹತ್ತುತ್ತಿದ್ದ. ಒಂದೊಂದು ಕೊಂಬೆಯ ತುದಿಯನ್ನೂ ಮಗುವಿನ ಉಗುರು ಕತ್ತರಿಸುವ ಹಾಗೆ ಕತ್ತರಿಸುತ್ತಿದ್ದ. “ನೋಡ್ತಾ ಇರು ಮಗ, ಈ ಸಲ ಎಂಗೆ ಬಿಡ್ತದೆ ಅಂತ,” ಎಂದು ಅಕ್ಕನಿಗೆ ಹೇಳುತ್ತಿದ್ದ. ಪ್ರತಿ ವರ್ಷವೂ ಇದೇ ಮಾತು, ಇದೇ ಕತ್ತರಿ.

ಕೊನೆಗೆ ಒಂದು ವರ್ಷ, ಯುಗಾದಿ ಕಳೆಯುತ್ತಲೇ ಎಂದು ಅಕ್ಕನ ಮದುವೆ ಗೊತ್ತಾಯಿತು. ಬಳ್ಳಿ ಸವರಲು ಆಳುಗಳು ಬಂದರು. ಅಪ್ಪ ಮದುವೆ ಚಪ್ಪರ, ಅಡುಗೆಯವರು, ನೆಂಟರು ಎಂದು ಓಡಾಡುತ್ತಿದ್ದ. ಮರದ ತಂಟೆಗೆ ಯಾರೂ ಹೋಗಲಿಲ್ಲ. ಮದುವೆ ಮುಗಿದು ಅಕ್ಕ ಗುಬ್ಬಿಯಲ್ಲಿದ್ದ ಗಂಡನ ಮನೆಗೆ ಹೋದಳು.

ಆಮೇಲೊಂದು ಬೆಳಿಗ್ಗೆ ನೀರಿಗೆ ಹೋದ ಅಮ್ಮ ಕೂಗಿಕೊಂಡಳು. ನಾವು ಓಡಿದೆವು. ಅಯ್ಯೋ, ಏನು ಹೇಳಲಿ ಮಕ್ಕಳೇ! ಮರದ ತುಂಬ ಕೆಂಪು. ಕೊಂಬೆಯ ತುದಿ ತುದಿಯಲ್ಲೂ ಗೊಂಚಲು ಗೊಂಚಲು. ಬಾವಿಯ ನೀರೂ ಕೆಂಪಗೆ ಕಾಣುತ್ತಿತ್ತು. ನಾನು ಕುಣಿದೆ. ಅಪ್ಪ ಮಾತ್ರ ಆ ತುದಿಗಳನ್ನೇ ನೋಡುತ್ತ ಬಾವಿಕಟ್ಟೆಯ ಮೇಲೆ ಕುಸಿದು ಕೂತ. “ಊವು ಬಿಡೋ ತುದೀನೇ ವರ್ಷಾ ವರ್ಷಾ ಕತ್ತರಿಸಿ ಹಾಕ್ತಿದ್ದೆನಲ್ಲೇ,” ಎಂದು ಅಮ್ಮನಿಗೆ ಹೇಳಿ ತಲೆ ಚಚ್ಚಿಕೊಂಡ.

ಹೊಸ ಮದುಮಗಳನ್ನು ತವರಿಗೆ ಕರೆಯುವುದು ಆಷಾಢಕ್ಕೆ. ಅಷ್ಟರೊಳಗೆ ಮಳೆ ಬಿದ್ದು ಹೂವೆಲ್ಲ ಹೋಗಿರುತ್ತದೆ. ಈಗಲೇ ಕರೆಯಲು ಹೋದರೆ ಬೀಗರು ಏನಂದುಕೊಂಡಾರು? ಅಪ್ಪ ರಾತ್ರಿಯೆಲ್ಲ ಹೊರಳಾಡಿ, ಬೆಳಗಾಗುತ್ತಲೇ ಒಳ್ಳೆಯ ಗೊಂಚಲುಗಳನ್ನು ಇಳಿಸಿದ. ದ್ರಾಕ್ಷಿ ತುಂಬುವ ಬಿದಿರು ಬುಟ್ಟಿಗೆ ಹುಲ್ಲು ಹಾಸಿ, ದ್ರಾಕ್ಷಿಯ ಹಾಗೇ ಒತ್ತೊತ್ತಾಗಿ ಜೋಡಿಸಿ, ಮೇಲೆ ಒದ್ದೆ ಗೋಣಿ ಕಟ್ಟಿದ. ನನ್ನನ್ನೂ ಕರೆದುಕೊಂಡು ಚಿಕ್ಕಬಾಣಾವರದಲ್ಲಿ ರೈಲು ಹತ್ತಿದ.

ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬುಟ್ಟಿ ಅಪ್ಪನ ತೊಡೆಯ ಮೇಲಿತ್ತು. ಬೆವರು, ಬೀಡಿ, ಕಡಲೆಕಾಯಿ ವಾಸನೆ. ಯಾರಾದರೂ ತಾಗಿದರೆ ಸಾಕು, “ನಿಧಾನ ಕಣಣ್ಣ, ಊವೈತೆ,” ಎನ್ನುತ್ತಿದ್ದ. ತುಮಕೂರು ದಾಟುವಾಗ ಬುಟ್ಟಿಯ ಸಂದಿಯಿಂದ ಬಾಡಿದ ದಳವೊಂದು ನನ್ನ ಕಾಲ ಮೇಲೆ ಬಿತ್ತು. ನಾನು ಅದನ್ನು ಅಪ್ಪನಿಗೆ ತೋರಿಸಲಿಲ್ಲ.

ಗುಬ್ಬಿಯ ಮನೆಯ ಹಜಾರದಲ್ಲಿ ಅಪ್ಪ ಗೋಣಿ ಬಿಚ್ಚಿದ. ದ್ರಾಕ್ಷಿ ತಡೆಯುವ ಬಿಸಿಯನ್ನು ಹೂವು ತಡೆದೀತೇ? ದಳಗಳೆಲ್ಲ ಉದುರಿ, ಕಪ್ಪಿಟ್ಟು, ತಳಕ್ಕೆ ಅಂಟಿಕೊಂಡಿದ್ದವು. ಮೇಲೆ ಬರೀ ಕಡ್ಡಿಗಳು, ಅಲ್ಲೊಂದು ಇಲ್ಲೊಂದು ಮೊಗ್ಗು. ಅಪ್ಪ ತಡವರಿಸುತ್ತ ಕತ್ತರಿಯ ಕಥೆಯನ್ನೆಲ್ಲ ಅಕ್ಕನಿಗೆ ಹೇಳಿದ. “ನಿನ್ನ ಓದನ್ನೂ ನಾನೇ ಕತ್ತರಿಸ್ದೆ, ಊವನ್ನೂ ನಾನೇ ಕತ್ತರಿಸ್ದೆ ಕಣವ್ವ,” ಎಂದ.

ಅಕ್ಕ ಒಂದು ಮೊಗ್ಗು ಬಿಡಿಸಿ ನನಗೊಂದು ಕೇಸರ ಕೊಟ್ಟಳು. ಹುಂಜದ ಜಗಳ ಆಡಿದೆವು. ಅವಳೇ ಸೋತಳು. ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. “ಬಿಡಪ್ಪ, ಬರೋ ವರ್ಷ ಮರದಲ್ಲೇ ನೋಡ್ತೀನಿ,” ಎಂದಳು.

ನೋಡಲಿಲ್ಲ. ಅಪ್ಪ ಮತ್ತೆಂದೂ ಆ ಮರಕ್ಕೆ ಕತ್ತರಿ ತಾಗಿಸಲಿಲ್ಲ, ಮರವೂ ಮತ್ತೆಂದೂ ಹೂ ಬಿಡದೆ ಇರಲಿಲ್ಲ. ಆದರೆ ಬೇಸಿಗೆ ಬಂತೆಂದರೆ ಗುಬ್ಬಿಯಲ್ಲಿ ಬಸಿರು, ಬಾಣಂತನ, ನಾದಿನಿಯರ ಮದುವೆ. ಅವಳು ಬರುತ್ತಿದ್ದದ್ದು ಆಷಾಢಕ್ಕೋ ಗೌರಿ ಹಬ್ಬಕ್ಕೋ. ಆಗ ಮರ ಹಸಿರು. ಅಪ್ಪ ಹೋದ. ತೋಟ ಸೈಟುಗಳಾಯಿತು, ಬಾವಿ ಮುಚ್ಚಿತು, ಮರವೂ ಹೋಯಿತು.

ಮೊನ್ನೆ ಯಲಹಂಕದ ದಾರಿಯಲ್ಲಿ ಹೂ ತುಂಬಿದ ಗುಲ್‌ಮೊಹರ್ ಕಂಡು ನೀವು ಕಾರು ನಿಲ್ಲಿಸಲು ಹೇಳಿ, ಗುಬ್ಬಿಯ ಅಜ್ಜಿಗೆ ವಿಡಿಯೋ ಕಾಲ್ ಮಾಡಿದಿರಲ್ಲ. ಅಪ್ಪ ಇಡೀ ದಿನ ಬುಟ್ಟಿ ಹೊತ್ತರೂ ಆಗದ್ದು ನಿಮ್ಮಿಂದ ಆಯಿತು. ಒಂದು ದಳವೂ ಉದುರದೆ ಹೂವು ಗುಬ್ಬಿ ಮುಟ್ಟಿತು. ನನ್ನ ಅಕ್ಕನಿಗೆ ಈಗ ಎಲ್ಲವೂ ನೆನಪಿರುವುದಿಲ್ಲ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು. “ನಮ್ ಬಾವಿ ತಾವಿರೋ ಮರ ಅಲ್ವೇನೋ?” ಎಂದು ನನ್ನನ್ನು ಕೇಳಿದಳು. ನಾನು ಹೂಂ ಅಂದೆ.

“ಈ ಸಲ ಅಪ್ಪ ಕತ್ತರಿ ಆಕ್ಲಿಲ್ವಾ?”

“ಇಲ್ಲ ಕಣಕ್ಕ,” ಅಂದೆ. “ಆಕ್ಲಿಲ್ಲ.”