ಬೇಲಿಯಾಚೆಯ ಚೆಂಡು ತರುವ ಎಂಗ್ರಾಸಿಯಾ

ಬೆಳಗಿನ ಐದೂವರೆ. ನಮ್ಮ ಗ್ವಾಮ್ ದ್ವೀಪದ ರಾಷ್ಟ್ರೀಯ ಫುಟ್‌ಬಾಲ್ ತಂಡ ಅಭ್ಯಾಸ ಮಾಡುವ ಮೈದಾನದ ತುದಿಯಲ್ಲಿ, ಗೋಲಿನ ಹಿಂದಿನ ತಂತಿಬೇಲಿ ಹಿಡಿದು ಎಂಗ್ರಾಸಿಯಾ ನಪೂತಿ ಕಾಡಿನೊಂದಿಗೆ ಮಾತನಾಡುತ್ತಿದ್ದಾರೆ. "ಅಜ್ಜ, ಅಜ್ಜಿ, ನಿಮ್ಮ ಜಾಗಕ್ಕೆ ಬರ್ತಿದೀವಿ. ಅಪ್ಪಣೆ ಕೊಡಿ." ನಮ್ಮ ಕಾಡಿನ ಹಕ್ಕಿಗಳನ್ನು ಹಡಗಿನಲ್ಲಿ ಬಂದು ಸೇರಿದ ಹಾವುಗಳು ಎಂದೋ ತಿಂದು ಮುಗಿಸಿವೆ. ಎಲೆ ಬಿದ್ದರೂ ಕೇಳಿಸುತ್ತದೆ.

ಅರವತ್ತಮೂರರ ಎಂಗ್ರಾಸಿಯಾ ತಂಡದ ಜೆರ್ಸಿ ಒಗೆಯುತ್ತಾರೆ, ಸುಣ್ಣದ ಗೆರೆ ಎಳೆಯುತ್ತಾರೆ, ಕಾಡಿಗೆ ಹಾರಿದ ಚೆಂಡು ಹುಡುಕಿ ತರುತ್ತಾರೆ. ದಿನಕ್ಕೆ ಆರೇಳು ಚೆಂಡು, ಹನ್ನೊಂದು ವರ್ಷದಿಂದ. ತಂಡ ಗೆದ್ದರೆ ಪತ್ರಿಕೆಯಲ್ಲಿ ಕೋಚ್ ಚಿತ್ರ ಬರುತ್ತದೆ, ಇವರದು ಬಂದಿಲ್ಲ. ಆ ಪತ್ರಿಕೆಯ ವರದಿಗಾರ ನಾನೇ, ನಾಚಿಕೆಯಾಗುತ್ತದೆ.

ಬೇಲಿಯಾಚೆ ಹಳಬರಿದ್ದಾರೆ, ಎಂದೋ ಸತ್ತುಹೋದ ನಮ್ಮ ಪೂರ್ವಜರು. ಅವರ ಮನೆಗಳ ಕಲ್ಲುಕಂಬಗಳು ಇನ್ನೂ ನಿಂತಿವೆ. ಕೇಳದೆ ಕಾಲಿಟ್ಟವರನ್ನು ಅವರು ಮುಟ್ಟಿ ಕಳಿಸುತ್ತಾರೆ. ಮಂಗಳವಾರ ಮುಟ್ಟಿದ್ದು ಗೋಲ್‌ಕೀಪರ್ ಕಿನ್‌ನನ್ನು. ಮೀನಖಂಡದ ಮೇಲೆ ಐದು ಬೆರಳಿನ ನೀಲಿ ಗುರುತು, ಕಾಲು ಊದಿ ಕುಂಬಳಕಾಯಿ. ಎಕ್ಸ್‌ರೇ ನೋಡಿದ ಡಾಕ್ಟರಿಗೆ ಏನೂ ಕಾಣಲಿಲ್ಲ. ಶನಿವಾರ ಇದೇ ಮೈದಾನದಲ್ಲಿ ಅರ್ಹತಾ ಪಂದ್ಯ. ಇನ್ನೊಬ್ಬ ಕೀಪರ್ ಕೈ ಮುರಿದುಕೊಂಡು ಮಲಗಿದ್ದಾನೆ.

"ತಪ್ಪು ನಂದೇ," ಎನ್ನುತ್ತಾರೆ ಎಂಗ್ರಾಸಿಯಾ. "ಮಂಡಿ ನೋಯ್ತಿತ್ತು, ಚೆಂಡು ತರೋಕೆ ಕಿನ್‌ನ ಕಳಿಸ್ದೆ. 'ಕೇಳೋದೇನೂ ಬೇಡ, ನನ್ನ ಹೆಸರು ಹೇಳ್ಕೊಂಡು ಹೋಗು, ಬಿಡ್ತಾರೆ' ಅಂದೆ. ಇಷ್ಟು ವರ್ಷ ಆಯ್ತಲ್ಲ, ಕಾಡೇ ನಂದು ಅನ್ನೋ ಕೊಬ್ಬು ಬಂದಿತ್ತು."

ಅವತ್ತಿನ ಚೆಂಡು ಒಳಗೇ ಉಳಿದಿದೆ. ಕಿನ್ ಕುಂಟುತ್ತ ಬರುತ್ತಾನೆ.

"ಈಗ ನಿನ್ನ ಬಾಯಿಂದಲೇ ಕೇಳು."

"ಪೇಪರ್‌ನೋರ ಮುಂದೆನಾ, ಅಜ್ಜಿ? ಮಾನ ಹೋಗತ್ತೆ."

"ಹೋದ ತಿಂಗಳು ನಾಲ್ಕು ಗೋಲು ಬಿಟ್ಟಾಗ ಹೋಗ್ಲಿಲ್ವಾ? ಕೇಳೋ, ಮಂಗ!"

ಅವನು ತಲೆ ತಗ್ಗಿಸಿ ಕ್ಷಮೆ ಕೇಳುತ್ತಾನೆ, ಅಪ್ಪಣೆ ಕೇಳುತ್ತಾನೆ, ಒಳಗೆ ಹೋಗುತ್ತಾನೆ. ಎಂಗ್ರಾಸಿಯಾ ತಂತಿಗೆ ಮುಖವೊತ್ತಿ ಒಳಗೆ ಇಣುಕುತ್ತಾರೆ. ನನಗೆ ಭಯ. ಒಳಗಿನಿಂದ ಚೆಂಡು ಒದ್ದ ಸದ್ದು ಬರುತ್ತದೆ. ತುಸು ಹೊತ್ತಿಗೆ ಮತ್ತೊಂದು, ಬೇರೆ ದಿಕ್ಕಿನಿಂದ.

ಕಿನ್ ಚೆಂಡು ತಬ್ಬಿಕೊಂಡು ಹೊರಬರುತ್ತಾನೆ. ಕುಂಟುತ್ತಿಲ್ಲ, ಅದನ್ನು ಅವನಿನ್ನೂ ಗಮನಿಸಿಲ್ಲ.

"ನಾನು ಒದೀಲಿಲ್ಲ," ಎನ್ನುತ್ತಾನೆ, ನಾವು ಕೇಳುವ ಮೊದಲೇ.

ನಾನು ಚೆಂಡು ಮುಟ್ಟಿ ನೋಡುತ್ತೇನೆ. ಇಬ್ಬನಿಯಲ್ಲಿ ನೆನೆದ ಕಾಡಿನಿಂದ ಬಂದದ್ದು ಒಣಗಿದೆ, ಬೆಚ್ಚಗಿದೆ. ಎಂಗ್ರಾಸಿಯಾ ಅವನ ಕಾಲನ್ನು ಸವರಿ ಅತ್ತುಬಿಡುತ್ತಾರೆ.

ಹೊರಡುವಾಗ ಶನಿವಾರ ಎಷ್ಟು ಜನ ಸೇರಬಹುದೆಂದು ಕೇಳುತ್ತೇನೆ. ಕಳೆದ ಪಂದ್ಯಕ್ಕೆ ಮುನ್ನೂರು ಮಂದಿ ಇದ್ದರಂತೆ.

"ಮುನ್ನೂರು ಅಂತ ಬರೀಬೇಡಪ್ಪ," ಎಂಗ್ರಾಸಿಯಾ ಕಣ್ಣೊರೆಸಿಕೊಳ್ಳುತ್ತಾರೆ. "ಅದು ಬೇಲಿ ಈಚೆಯೋರ ಲೆಕ್ಕ."