ತಂತಿಯಿಲ್ಲದ ಡೈರಿ

ಬೆಂಗಳೂರಿನಲ್ಲಿ ಹೆಸರು ಮರೆಯುವವನು ಅಷ್ಟು ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ದೊಡ್ಡವರಾದರೆ ಸಾರ್, ಮೇಡಂ, ಗುರುತಿಲ್ಲದವರಾದರೆ ಅಣ್ಣ, ಅಕ್ಕ, ಸಲಿಗೆಯಿದ್ದರೆ ಗುರು. ಬನಶಂಕರಿಯ ಇಳಿಜಾರಿನಲ್ಲಿ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಈ ನಾಲ್ಕೈದು ಪದಗಳೇ ನನ್ನ ಮಾನ ಕಾಯುತ್ತಿದ್ದವು. ಮನೆಯವರ ಹೆಸರು, ಹಳೆಯ ಗೆಳೆಯರ ಹೆಸರು ಉಳಿದಿದ್ದವು. ಆಫೀಸಿನವರದು ಮಾತ್ರ ಒಂದೂ ಇಲ್ಲ. ಯಾರು ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ ಅನ್ನುವುದು ಗೊತ್ತು, ಅವರ ಹೆಸರು ಗೊತ್ತಿಲ್ಲ. "ನನ್ನ ಹೆಸರು ಹೇಳಿ ನೋಡೋಣ" ಎಂದು ಹೆಂಡತಿ ಬೆಳಿಗ್ಗೆ ಬೆಳಿಗ್ಗೆ ಕೆಣಕುತ್ತಿದ್ದಳು.

ಕಷ್ಟವಿದ್ದದ್ದು ಕೆಲಸದಲ್ಲಿ. ಹುಳಿಮಾವಿನ ಕಡೆ, ಯಂತ್ರದ ಬಿಡಿಭಾಗಗಳನ್ನು ಪರೀಕ್ಷಿಸುವ ಬಹಳ ಕಟ್ಟುನಿಟ್ಟಿನ ಜಾಗ. ನಾನು ಅಲ್ಲಿನ ಸ್ಟೋರಿನಲ್ಲಿದ್ದೆ. ಅಳತೆಯ ಉಪಕರಣಗಳನ್ನು ಅವರವರ ಹೆಸರಿನ ಡಬ್ಬಿಯಿಂದ ತೆಗೆದು ಅವರವರ ಕೈಗೇ ಕೊಡಬೇಕು. ಒಮ್ಮೆ ಒಬ್ಬರದನ್ನು ಇನ್ನೊಬ್ಬರಿಗೆ ಕೊಟ್ಟೆ. ಒಂದು ವಾರದ ಪರೀಕ್ಷೆ ಹಾಳಾಯಿತು. ಮೇಲಧಿಕಾರಿ ಕರೆದು, "ಇನ್ನೊಂದ್ ಸಲ ಹೀಗಾದ್ರೆ ನೀವು ಬೇರೆ ಕಡೆ ಕೆಲ್ಸ ನೋಡ್ಕೋಬೇಕಾಗುತ್ತೆ" ಎಂದರು. ಪೆಟ್ಟಿನ ವಿಷಯ ಬಾಯಿಬಿಟ್ಟಿದ್ದರೆ ಆವತ್ತೇ ಕಳಿಸಿಬಿಡುತ್ತಿದ್ದರು. ಹೆದರಿಕೆಯಾಯಿತು, ಸಿಟ್ಟೂ ಬಂತು. ಇಟ್ಟಮಡುವಿನ ಮನೆಗೆ ಬಂದು ಎರಡನ್ನೂ ಹೆಂಡತಿಯ ಮೇಲೆ ತೀರಿಸಿಕೊಂಡೆ.

ಬರೆದಿಟ್ಟುಕೊಳ್ಳಬಹುದಿತ್ತಲ್ಲ ಎನ್ನಬೇಡಿ. ಹೊರಗಿನ ಕಾಗದ ಒಳಗೆ ಹೋಗುವಂತಿರಲಿಲ್ಲ. ಒಳಗೆ ಕೊಡುವ ಪುಸ್ತಕವನ್ನು ಮೇಲಧಿಕಾರಿ ವಾರಕ್ಕೊಮ್ಮೆ ತಿರುವಿಹಾಕುತ್ತಿದ್ದರು. ಮೊಬೈಲಂತೂ ಗೇಟಿನಲ್ಲೇ ಕಿತ್ತುಕೊಳ್ಳುತ್ತಿದ್ದರು. ಕೊನೆಗೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕ್ಯಾಲ್ಕುಲೇಟರ್ ಮಾರುವವನೊಬ್ಬ ಅಂಗೈಯಗಲದ ಡಿಜಿಟಲ್ ಡೈರಿ ತೆಗೆದಿಟ್ಟ. "ಇದ್ರಲ್ಲಿ ಸಿಗ್ನಲ್ಲು ಗಿಗ್ನಲ್ಲು ಏನಿಲ್ಲ ಸಾರ್, ಬರೀ ಬರ್ಕೊಳ್ಳೋದು. ಸೆಲ್ ಮಾತ್ರ ಒಂದೊಂದೇ ಬದ್ಲಾಯಿಸಿ. ಎರಡೂ ಒಟ್ಗೆ ತೆಗೆದ್ರೆ ಎಲ್ಲ ಅಳ್ಸೋಗುತ್ತೆ." ನಮ್ಮಲ್ಲಿನ ಭದ್ರತಾ ಅಧಿಕಾರಿ ಅದನ್ನು ಬಿಚ್ಚಿಸಿ ನೋಡಿ ಒಪ್ಪಿಗೆಯ ಚೀಟಿ ಕೊಟ್ಟರು. ಷರತ್ತು ಒಂದೇ: ಒಳಗೆ ಏನು ಬರೆದಿದೆ ಎಂದು ದಿನಾ ಗೇಟಿನಲ್ಲಿ ತೋರಿಸಬೇಕು.

ಗೇಟಿನಲ್ಲಿದ್ದವರು ವಿಜಾಪುರದ ಕಡೆಯಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗಿದ್ದ ಒಬ್ಬ ಕಾವಲುಗಾರರು. ಅವರ ತಲೆಯ ಮೇಲೊಂದು ಹಲಗೆ. ಯಾರೋ ಪುಣ್ಯಾತ್ಮ ಇಂಗ್ಲಿಷನ್ನು ಅಚ್ಚುಕಟ್ಟಾಗಿ ಕನ್ನಡಕ್ಕೆ ತಂದು, 'ತಂತಿರಹಿತ ಉಪಕರಣಗಳಿಗೆ ಪ್ರವೇಶವಿಲ್ಲ' ಎಂದು ಬರೆಸಿದ್ದ.

"ಇದಕ್ಕ ತಂತಿ ಎಲ್ಲೈತ್ರಿ ಸಾರ್?"

"ತಂತಿ ಇಲ್ಲ ಅಣ್ಣ."

"ತಂತಿ ಇಲ್ಲಂದ್ರ ತಂತಿರಹಿತ ಆತಲ್ರಿ. ಬಿಡಾಂಗಿಲ್ಲ."

ಅಧಿಕಾರಿಯ ಚೀಟಿ ತೋರಿಸಿದೆ. "ಚೀಟಿ ಸಣ್ಣದೈತ್ರಿ, ಹಲಗಿ ದೊಡ್ಡದೈತಿ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಟಿಫಿನ್ ಡಬ್ಬಿಗೂ ತಂತಿ ಇಲ್ಲ, ಅದನ್ನೂ ಇಟ್ಕೊಳ್ಳಿ!" ಎಂದು ಕೂಗಿದೆ. ಅವರು ಡಬ್ಬಿಯನ್ನು ನೋಡಿ ನಿಜಕ್ಕೂ ಯೋಚನೆಗೆ ಬಿದ್ದರು.

ಮರುದಿನ ಕತ್ರಿಗುಪ್ಪೆಯ ಅಂಗಡಿಯಿಂದ ಗೇಣುದ್ದದ ವೈರು ತಂದು ಡೈರಿಯ ಪಕ್ಕದ ತೂತಿಗೆ ಸಿಕ್ಕಿಸಿಕೊಂಡು ಹೋದೆ. ಅವರು ಜಗ್ಗಿ ನೋಡಿ, "ಈಗ ಬರೋಬರಿ ಆತು" ಎಂದರು. "ಒಳಗೇನೈತಿ ನೀವ ಓದ್ರಿ. ನನಗ ಇಂಗ್ಲಿಷ್ ಬರಾಂಗಿಲ್ಲ."

ಓದದೆ ವಿಧಿಯಿರಲಿಲ್ಲ. ದಪ್ಪ ಮೀಸೆ, ನೀಲಿ ಸ್ವೆಟರು, ಎಡಗೈಯಲ್ಲಿ ಬರೆಯುವವರು... ಒಂದೊಂದು ಗುರುತಿನ ಮುಂದೆ ಒಂದೊಂದು ಹೆಸರು, ದಿನಕ್ಕಿಷ್ಟು ಎಂದು ಕೇಳಿಸಿಕೊಂಡು ಬಂದು ಮನೆಯಲ್ಲಿ ಒತ್ತಿದ್ದು. ಒಟ್ಟು ಇಪ್ಪತ್ತಾರು ಜನ. ನನ್ನ ಗುಟ್ಟನ್ನು ನಾನೇ ನಿಂತು ಓದಿ ಹೇಳಿದ ಹಾಗಾಯಿತು. ಅವರು ಕೇಳಿಸಿಕೊಂಡು, ನನ್ನ ಮುಖ ನೋಡಿ ಒಳಗೆ ಬಿಟ್ಟರು. ಆಮೇಲೆ ದಿನಾ ಓದಿದೆ, ಆದರೂ ಒಂದು ಹೆಸರೂ ತಲೆಯಲ್ಲಿ ನಿಲ್ಲಲಿಲ್ಲ. ಹಿಂದೆ ಯಾರಾದರೂ ಬಂದು ನಿಂತರೆ "ಸಾಕ್ರಿ, ನಡೀರಿ" ಎನ್ನುತ್ತಿದ್ದರು. ಅದನ್ನು ನಾನು ಸೋಮಾರಿತನ ಅಂದುಕೊಂಡಿದ್ದೆ. ಎಂಥ ದಡ್ಡ ನೋಡಿ ನಾನು.

ಎರಡು ವರ್ಷ ಸ್ಟೋರಿನಲ್ಲಿ ಒಂದು ತಪ್ಪೂ ಆಗಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಬಸ್ಸು ತಪ್ಪೀತೆಂಬ ಅವಸರದಲ್ಲಿ ಎರಡೂ ಸೆಲ್ಲುಗಳನ್ನು ಒಟ್ಟಿಗೆ ಕಿತ್ತೆ. ಹೊಸವನ್ನು ಹಾಕಿದರೆ ಪರದೆ ಬೋಳು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಳ್ಳಲ್ಲ.

"ಓದ್ರಿ" ಎಂದರು ಗೇಟಿನಲ್ಲಿ.

"ಏನೂ ಇಲ್ಲ ಅಣ್ಣ. ಎಲ್ಲ ಅಳಿಸ್ಹೋಯ್ತು. ಇವತ್ತು ನನ್ನ ಕೆಲ್ಸಾನೂ ಹೋಗುತ್ತೆ." ಅಳು ಬಂದುಬಿಟ್ಟಿತು, ಮುಚ್ಚಿಡುವುದೇನು.

ಅವರು ತಮ್ಮ ಸ್ಟೂಲನ್ನು ನನ್ನತ್ತ ಎಳೆದರು. "ಕುಂದರ್ರಿ. ಬರ್ಕೋರಿ. ದಪ್ಪ ಮೀಸಿ," ಎಂದು ಹೆಸರು ಹೇಳಿದರು. "ನೀಲಿ ಸ್ವೆಟರ್," ಮತ್ತೊಂದು ಹೆಸರು. ನಾನು ಓದುತ್ತಿದ್ದ ಅದೇ ಕ್ರಮದಲ್ಲಿ, ಇಪ್ಪತ್ತಾರನ್ನೂ. ನಡುವೆ ಒಂದು ಕಡೆ ತಿದ್ದಿದರು ಕೂಡ: "ಬೋಳುತಲಿಯವ್ರು ಈಗ ಟೊಪ್ಪಿಗಿ ಹಾಕ್ತಾರ್ರಿ. ಅದನ್ನೂ ಬರ್ಕೋರಿ, ತಪ್ಪೀರಿ ಮತ್ತ."

ಕೊನೆಯದನ್ನು ಒತ್ತಿ ಮುಗಿಸಿ, "ತುಂಬಾ ಉಪಕಾರ ಆಯ್ತು..." ಎಂದೆ. ಮಾತು ಅಲ್ಲಿಗೇ ನಿಂತಿತು. ಮುಂದೆ ಬರಬೇಕಾದದ್ದು ಮತ್ತೆ 'ಅಣ್ಣ'. ಎರಡು ವರ್ಷ ನನ್ನ ಗುಟ್ಟು ಕಾದವರ ಹೆಸರನ್ನು ನಾನು ಮರೆತಿರಲಿಲ್ಲ, ಕೇಳಿಯೇ ಇರಲಿಲ್ಲ. ಈ ತಪ್ಪನ್ನು ಸ್ಕೂಟರಿನ ಮೇಲೆ ಹಾಕುವಂತಿರಲಿಲ್ಲ. ನಾಚಿಕೆಯಿಂದ ತಲೆತಗ್ಗಿಸಿ ಕೇಳಿದೆ.

"ನಂದ್ಯಾಕ್ರಿ? ನನಗ ನೀವು ಡಬ್ಬಿ ಕೊಡೂದಿಲ್ಲಲ್ಲ" ಎಂದು ನಕ್ಕು, ಹೇಳಿದರು.

ಇಪ್ಪತ್ತೇಳನೆಯದಾಗಿ ಬರೆದುಕೊಂಡೆ. ಮರುದಿನ ಬಸ್ಸಿನಲ್ಲಿ ಡೈರಿ ತೆಗೆಯಲಿಲ್ಲ. ಮಗ್ಗಿ ಹೇಳುವ ಹುಡುಗನ ಹಾಗೆ ಆ ಒಂದು ಹೆಸರನ್ನೇ ದಾರಿಯುದ್ದಕ್ಕೂ ಗುನುಗುತ್ತ ಹೋಗಿ, ಗೇಟಿನಲ್ಲಿ ಅವರನ್ನು ಹೆಸರು ಹಿಡಿದು ಕರೆದೆ. ಅವರು ತಿರುಗಲಿಲ್ಲ. ಎರಡನೇ ಸಲ ಕರೆದೆ. ಯಾರನ್ನು ಕರೆಯುತ್ತಿದ್ದಾರೆ ಎಂದು ಹಿಂದೆ ಮುಂದೆ ನೋಡಿದರು. ಆ ಗೇಟಿನಲ್ಲಿ ಅವರನ್ನು ಹಾಗೆ ಯಾರೂ ಕರೆದಿರಲಿಲ್ಲ.