ಗರುಡನಿಗೆ ಕುಡಿಸಿದ ಹಾಲು

ಗಾಯವಾದ ಹಕ್ಕಿಗಳನ್ನು ಹೊನ್ನಾವರದ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿಟ್ಟು ನೋಡಿಕೊಳ್ಳುತ್ತೇನೆ. ವಾಸಿಯಾದವು ಹಾರುತ್ತವೆ. ಆಗದವನ್ನು ತೆಂಗಿನ ಬುಡದಲ್ಲಿ ಹೂಳುತ್ತೇನೆ. ಸುಳ್ಳೇಕೆ, ಹೂತದ್ದೇ ಹೆಚ್ಚು. ಬಿಡುವಿದ್ದಾಗ ಕುಮಟಾ, ಭಟ್ಕಳದ ಶಾಲೆಗಳಿಗೆ ಹೋಗಿ ಒಂದೇ ಪಾಠ ಒಪ್ಪಿಸುತ್ತೇನೆ: ಬಿದ್ದ ಹಕ್ಕಿಯ ಬಾಯಿಗೆ ಏನನ್ನೂ ಹೊಯ್ಯಬೇಡಿ. ಅದರ ಉಸಿರಿನ ದಾರಿ ನಾಲಿಗೆಯ ಹಿಂದೆಯೇ ಇದೆ, ಹೊಯ್ದದ್ದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಎಲ್ಲರೂ ತಲೆಯಾಡಿಸುತ್ತಾರೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಈ ಸಲ ಮಳೆಗಾಲಕ್ಕೆ ಮುಂಚೆ ಸಂತೆಗುಳಿಯಿಂದ ಒಬ್ಬ ಮುದುಕಿಯ ಫೋನು ಬಂತು. ಅಂಗಳದಲ್ಲಿ ಗರುಡ ಬಿದ್ದಿದೆ, ಒಂದು ರೆಕ್ಕೆ ಜೋತಿದೆ. ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಕುಡಿಯಲು ಏನೂ ಕೊಡಬೇಡಿ ಎಂದು ಮೂರು ಸಲ ಹೇಳಿ ಕಾರು ಹತ್ತಿದೆ.

ಹೋಗಿ ನೋಡಿದರೆ ಪೆಟ್ಟಿಗೆಯೊಳಗೆ ದಾಸವಾಳದ ಹೂವು, ಹಕ್ಕಿಯ ನೆತ್ತಿಗೆ ಕುಂಕುಮ. ಬಿಳಿ ಎದೆ ಒದ್ದೆಯಾಗಿತ್ತು. ಕೊಕ್ಕಿನಂಚಿನಲ್ಲಿ ನೊರೆ.

"ಎಂತ ಕೊಟ್ರಿ ಅಮ್ಮಾ?"

"ಹಾಲು ತಮಾ, ಎರಡೇ ಚಮಚ. ಮನೆ ಬಾಗ್ಲಿಗೆ ಬಂದ ಗರುಡಂಗೆ ಎಂತದೂ ಕೊಡದೆ ಕಳ್ಸಲಾಗ್ತಾ? ನೀ ಹೇಳಿದ್ದು ಬೇರೆ ಹಕ್ಕಿಗೆ ಅಂದ್ಕಂಡೆ. ಇದು ದೇವ್ರಲ್ದಾ?"

ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ಅಂದುಬಿಡಬೇಕೆಂದು ತಿರುಗಿದರೆ ಆಕೆ ಪೆಟ್ಟಿಗೆಗೆ ಕೈಮುಗಿದು ನಿಂತಿದ್ದರು. ಮುಂಗೈ ತುಂಬ ಉಗುರಿನ ಗೀರುಗಳು, ರಕ್ತ ಇನ್ನೂ ಒಣಗಿರಲಿಲ್ಲ. ಅಷ್ಟು ಪರಚಿಸಿಕೊಂಡು ಕುಡಿಸಿದ್ದರು. ನಾನು ಪೆಟ್ಟಿಗೆ ಎತ್ತಿ ಕಾರಿನಲ್ಲಿಟ್ಟುಕೊಂಡು ಹೊರಟೆ.

ರೆಕ್ಕೆಯ ಮೂಳೆ ಮುರಿದಿರಲಿಲ್ಲ, ಬರೀ ಉಳುಕು. ಹತ್ತು ಹದಿನೈದು ದಿನ ತಾರ್ಲೆ ಮೀನು ತಿನ್ನಿಸಿದ್ದರೆ ಶರಾವತಿಯ ಮೇಲೆ ಸುತ್ತು ಹೊಡೆಯುತ್ತಿತ್ತು. ಪಕ್ಕದ ಸೀಟಿನಲ್ಲಿ ಅದರ ಉಸಿರು ಗೊರಗೊರ ಅನ್ನುತ್ತಿತ್ತು. ಹಳದೀಪುರ ಬರುವಷ್ಟರಲ್ಲಿ ನಿಂತಿತು.

ಹದಿನೈದು ದಿನ ಬಿಟ್ಟು ಆಕೆಯ ಫೋನು.

"ತಮಾ, ಗರುಡ ಹ್ಯಾಂಗಿದ್ದು? ದಿನಾ ಬೆಳಿಗ್ಗೆ ಅಂಗಳಕ್ಕೆ ಬಂದು ಮೇಲೆ ನೋಡ್ತೆ. ಮನ್ಸಿಗೆ ಸಮಾಧಾನ ಇಲ್ಲೆ."

ಊರೂರು ಸುತ್ತಿ ಬುದ್ಧಿ ಹೇಳುವವನಿಗೆ ಅವತ್ತು ಒಂದು ನಿಜ ಹೇಳುವ ಧೈರ್ಯ ಬರಲಿಲ್ಲ. ಆ ಗೀರಿದ ಕೈಗಳೇ ಕಣ್ಣಮುಂದೆ ಬಂದವು.

"ಹಾರಿ ಹೋಯ್ತು ಅಮ್ಮಾ" ಅಂದೆ.

"ನೋಡು, ನೀ ಬೇಡ ಅಂದಿದ್ದೆ. ಆ ಎರಡು ಚಮಚ ಹಾಲೇ ಜೀವ ಉಳಸ್ತು. ಇನ್ನು ಯಾರ ಮನೆ ಅಂಗಳದಲ್ಲಿ ಹಕ್ಕಿ ಬಿದ್ರೂ ಇದನ್ನೇ ಹೇಳ್ತೆ."

"ಆತು" ಅಂದೆ.